ಹೈದರಾಬಾದು ನಗರದ ಜಲಪರೀಕ್ಷೆ: ಒಂದು ಐತಿಹಾಸಿಕ ವಿವೇಚನೆ

ಹೈದರಾಬಾದಿನ ನೀರಿನ ಚರಿತ್ರೆ ಬಹುಮಟ್ಟಿಗೆ ಕೆರೆಗಳ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಹುಸೇನ್ ಸಾಗರ, ಮೀರ್ ಆಲಂ ಕೆರೆ, ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ನಾಲ್ಕು ಹೆಸರುಗಳನ್ನು ಕಾಲಾನುಕ್ರಮದಲ್ಲಿರಿಸಿ, ಕಟ್ಟಿಸಿದ ಪ್ರಭುಗಳನ್ನೂ ಕಟ್ಟಿದ ಇಂಜಿನಿಯರರನ್ನೂ ಸ್ಮರಿಸಿದರೆ ವಿಷಯವು ಮುಗಿಯಿತೆಂದು ತಿಳಿಯುವುದು ವಾಡಿಕೆ. ಕನ್ನಡಿಗರಾದ ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊನೆಯ ಎರಡು ಜಲಾಶಯಗಳ ಮೂಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಿದ್ದಿತೆಂಬುದನ್ನು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಈ ಅಭಿಮಾನವು ಯುಕ್ತವಾದದ್ದೇ. ಆದರೆ 1909ರಲ್ಲಿ ನಿಜಾಮ್ ಸರ್ಕಾರವು ಅವರಿಗೆ ಒಪ್ಪಿಸಿದ ಕಾರ್ಯಗಳು ಮೂರು: ಪ್ರವಾಹದಿಂದ ಹಾಳಾದ ನಗರದ ಪುನರ್ನಿರ್ಮಾಣಕ್ಕೆ ನೆರವಾಗುವುದು, ಮುಂದೆ ಅಂತಹ ಪ್ರವಾಹದಿಂದ ನಗರವನ್ನು ಕಾಪಾಡುವ ಯೋಜನೆಯನ್ನು ಸೂಚಿಸುವುದು, ಹೈದರಾಬಾದು ಮತ್ತು ಚಾದರ್‌ಘಾಟ್‌ಗಳಿಗೆ ಸಂಪೂರ್ಣವಾದ ಒಳಚರಂಡಿಯ ವ್ಯವಸ್ಥೆಯನ್ನು ರೂಪಿಸುವುದು. ಇವುಗಳಲ್ಲಿ ಎರಡನೆಯದನ್ನು ನಾವು ನೆನೆಯುತ್ತೇವೆ, ಮೂರನೆಯದನ್ನು ಮರೆತಿದ್ದೇವೆ. ನಗರದ ನಳಗಳ ನೀರನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸುವ ಅಧಿಕಾರಿಯ ದಿನನಿತ್ಯದ ಕೆಲಸವು ಈ ಮೂರನೆಯ ಅಂಶದೊಡನೆ ಎಷ್ಟು ನಿಕಟವಾಗಿ ಹೆಣೆದುಕೊಂಡಿದೆಯೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೀರನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬನನ್ನು ನೇಮಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕನ್ನಡನಾಡಿನ ಹಳ್ಳಿಗಳಲ್ಲಿ ನೀರಗಂಟಿಯೂ ತೆಲಂಗಾಣದ ಹಳ್ಳಿಗಳಲ್ಲಿ ನೀರಡಿಯೂ ಕೆರೆಯ ತೂಬನ್ನು ಕಾಯುತ್ತಿದ್ದರು. ಕೆರೆಯ ಪಾಲನೆಗಾಗಿ ಭೂಮಿಯನ್ನು ಬಿಡುತ್ತಿದ್ದುದಕ್ಕೆ 'ಬಿತ್ತುವಟ್ಟ'ವೆಂಬ ಹೆಸರು ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಾರಿಹೋಕರ ಬಾಯಾರಿಕೆಯನ್ನು ತಣಿಸುವ ಅರವಟ್ಟಿಗೆಗಳಿಗೂ ದತ್ತಿಗಳುಂಟು. ಆದರೆ ನೀರಗಂಟಿಯು ಅಳೆಯುತ್ತಿದ್ದುದು ನೀರಿನ ಪ್ರಮಾಣವನ್ನು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದೇ ಅವನ ಲೆಕ್ಕ. ನೀರಿನ ಗುಣವನ್ನು ನಿರ್ಣಯಿಸುವ ಹೊಣೆ ಮನೆಯ ಹೆಂಗಸರದಾಗಿದ್ದಿತು. ಸೀನೀರು, ಸಪ್ಪೆನೀರು, ಸವುಳುನೀರು, ತಿಳಿ, ಬಗ್ಗಡ ಎಂಬ ನಮ್ಮ ಮಾತುಗಳೆಲ್ಲ ಕಣ್ಣಿನಿಂದಲೂ ನಾಲಗೆಯಿಂದಲೂ ಮಾಡಿದ ಪರೀಕ್ಷೆಗಳ ಫಲಿತಾಂಶಗಳು. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೋ ಅದು ಗಡಸು ನೀರೆಂದು ಅವರು ಕಂಡುಕೊಂಡಿದ್ದರು. ಬಗ್ಗಡದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿ, ರಾಡಿಯು ತಳಕ್ಕೆ ಇಳಿದ ಬಳಿಕ ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಿದ್ದರು. ಸಂಸ್ಕೃತ ಗ್ರಂಥಗಳಲ್ಲಿ ಕತಕವೆಂದು ಕರೆಯಲ್ಪಟ್ಟಿರುವುದು ಈ ಬೀಜವೇ. ಇಂದಿನ ಶೋಧನಾಲಯಗಳಲ್ಲಿ ಪಟಿಕವು ಮಾಡುವ ಕೆಲಸವೂ ತತ್ತ್ವತಃ ಇದಕ್ಕಿಂತ ಬೇರೆಯಲ್ಲ.

ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾಹನ ಕಾಲದಲ್ಲಿ, ಎಂದರೆ ಹೈದರಾಬಾದು ನಗರವು 1591ರಲ್ಲಿ ಹುಟ್ಟುವುದಕ್ಕೆ ಸುಮಾರು 30 ವರ್ಷ ಮೊದಲೇ, ಹುಸೇನ್ ಸಾಗರವು ನಿರ್ಮಿತವಾಯಿತು. ಮೀರ್ ಆಲಂ ಕೆರೆ 19ನೆಯ ಶತಮಾನದ ಆದಿಭಾಗದ್ದು. ಸಾಲಾಗಿ ನಿಂತ ಅರ್ಧವೃತ್ತಾಕಾರದ ಕಮಾನುಗಳೇ ಅದರ ಕಟ್ಟೆ. ಪುರಾನಾ ಶಹರಿನ ಜನರಿಗೆ ಬಹುಕಾಲ ಇದೇ ಕುಡಿಯುವ ನೀರಿನ ಆಸರೆಯಾಗಿದ್ದಿತು. ಇವಲ್ಲದೆ ಬಾವಿಗಳೂ ಬಾವಡಿಗಳೂ ಇದ್ದವು. ಭಿಷ್ತಿಗಳು ತೊಗಲಿನ ಮಷಕಗಳಲ್ಲಿ ನೀರನ್ನು ಹೊತ್ತು ಮನೆಮನೆಗೆ ಕೊಡುತ್ತಿದ್ದರು. 1956ರವರೆಗೂ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ನಮ್ಮ ಬೀದರಿನಲ್ಲಿ ಬಹಮನಿ ಕಾಲದ ಸುರಂಗಗಳು ನೆಲದೊಳಗಿಂದಲೇ ನೀರನ್ನು ಹರಿಸುತ್ತಿದ್ದವು. ಬಿಸಿಲೂ ಧೂಳೂ ತಾಕದಂತೆ ನೀರನ್ನು ತರುವ ಆ ಕಾರೇಜಿನ ಉಪಾಯವು ಶುದ್ಧತೆಯ ದೃಷ್ಟಿಯಿಂದ ತೆರೆದ ಕೆರೆಗಿಂತ ಮೇಲಾದದ್ದೆಂದು ನನ್ನ ಅಭಿಪ್ರಾಯ.

ತಿಳಿಯಾಗಿರುವ ನೀರೆಲ್ಲವೂ ಶುದ್ಧವೆಂಬ ನಂಬಿಕೆಯು 19ನೆಯ ಶತಮಾನದ ಉತ್ತರಾರ್ಧದಲ್ಲಿ ಮುರಿದುಬಿದ್ದಿತು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಒಂದು ಬೋರಿಂಗಿನ ನೀರಿಗೂ ಕಾಲರಾ ಮರಣಗಳಿಗೂ ಇದ್ದ ಸಂಬಂಧವನ್ನು ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಎಣಿಸಿ ತೋರಿಸಿದನು. ಮೂವತ್ತು ವರ್ಷಗಳ ಮೇಲೆ, 1884ರಲ್ಲಿ, ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿಯು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಆ ರೋಗದ ಜೀವಾಣುವನ್ನೇ ಕಂಡನು. ಅಂದಿನಿಂದ ನೀರನ್ನು ಪರೀಕ್ಷಿಸುವ ಅಧಿಕಾರವು ಕಣ್ಣು ನಾಲಗೆಗಳಿಂದ ಸೂಕ್ಷ್ಮದರ್ಶಕಕ್ಕೆ ಹೋಯಿತು. ಮನೆಯೊಡತಿಯಿಂದ ಸರ್ಕಾರದ ನೌಕರನಿಗೆ ಹೋಯಿತೆಂದರೂ ಸಲ್ಲುತ್ತದೆ.

ಈ ಸಂಧಿಕಾಲದಲ್ಲಿ ನಮ್ಮ ಎರಡು ನಗರಗಳನ್ನು ಒಬ್ಬನೇ ವ್ಯಕ್ತಿಯು ಕೂಡಿಸುತ್ತಾನೆ. ಸರ್ ರೊನಾಲ್ಡ್ ರಾಸ್ ಸಿಕಂದರಾಬಾದಿನ ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡುದು ಸರ್ವವಿದಿತ. ಆ ಕಟ್ಟಡಕ್ಕೆ ಇಂದಿಗೂ ಅವನ ಹೆಸರಿದೆ. ಅದಕ್ಕೆ ಎರಡು ವರ್ಷ ಮೊದಲು, 1895ರಲ್ಲಿ, ಕಾಲರಾ ಹಾವಳಿಯ ನಿಮಿತ್ತವಾಗಿ ಅವನನ್ನು ಬೆಂಗಳೂರಿಗೆ ನೈರ್ಮಲ್ಯದ ವಿಶೇಷ ಕಾರ್ಯಕ್ಕೆ ಕಳುಹಿಸಲಾಗಿದ್ದಿತೆಂಬುದು ಅಷ್ಟು ಪ್ರಸಿದ್ಧವಲ್ಲ. ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಕೊಳವೆಯ ನೀರು ಬರುವ ಏರ್ಪಾಡು ನಡೆಯುತ್ತಿದ್ದ ಕಾಲವದು. ನೊಬೆಲ್ ಪಾರಿತೋಷಕವನ್ನು ಪಡೆದ ವಿಜ್ಞಾನಿಯು ಅದಕ್ಕೆ ಮುನ್ನ ಊರಿನ ಕೊಳಕನ್ನು ಶೋಧಿಸುತ್ತ ತಿರುಗಿದ ಅಧಿಕಾರಿಯಾಗಿದ್ದನೆಂಬುದನ್ನು ಈ ವೃತ್ತಿಯವರು ನೆನಪಿನಲ್ಲಿಟ್ಟುಕೊಳ್ಳಬಹುದು.

ಇನ್ನು 1908ಕ್ಕೆ ಬರೋಣ. ಆ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ನಗರದ ಮಧ್ಯಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜು ಮಾಡಲಾಗಿದೆ. ಮೂಸಿಯ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದು ಅವುಗಳಲ್ಲಿ 221 ಒಡೆದುಹೋದುವೆಂದು ವಿಶ್ವೇಶ್ವರಯ್ಯನವರು ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಒಂದು ಕೆರೆಯು ಒಡೆದು ಕೆಳಗಿನದನ್ನು ಒಡೆಯಿತು, ಅದು ಅದರ ಕೆಳಗಿನದನ್ನು. ಇಲ್ಲಿ ಒಂದು ಕಾಲಸಾಮ್ಯವನ್ನು ಹೇಳದೆ ಮುಂದೆ ಹೋಗಲಾರೆ. ಮೂಸಿಯು ಉಕ್ಕುವುದಕ್ಕೆ ಕೇವಲ ಎರಡು ದಿನ ಮೊದಲು, ಸೆಪ್ಟೆಂಬರ್ 26ರಂದು, ಅಮೆರಿಕದ ಜರ್ಸಿ ಸಿಟಿ ನಗರಕ್ಕೆ ನೀರೊದಗಿಸುತ್ತಿದ್ದ ಬೂನ್‌ಟನ್ ಜಲಾಶಯದಲ್ಲಿ ಜಾನ್ ಲೀಲ್ ಎಂಬ ವೈದ್ಯನ ಸಲಹೆಯಂತೆ ನೀರಿಗೆ ಕ್ಲೋರಿನ್ ಸಂಯುಕ್ತವನ್ನು ಎಡೆಬಿಡದೆ ಬೆರೆಸಲು ಆರಂಭಿಸಲಾಯಿತು. ಅದನ್ನು ಬೆರೆಸಿದ ವಿಷಯವಾಗಿ ಆ ವೈದ್ಯನು ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಯಿತು. ಇಂದು ಹೈದರಾಬಾದಿನ ಜಲಪರೀಕ್ಷಕನು ನಳದಲ್ಲಿ ಮೊದಲು ಹುಡುಕುವುದು ಆ ಪದಾರ್ಥವನ್ನೇ.

ವಿಶ್ವೇಶ್ವರಯ್ಯನವರು 1909ರ ಏಪ್ರಿಲಿನಲ್ಲಿ ಕಾರ್ಯಭಾರವನ್ನು ವಹಿಸಿಕೊಂಡು ಅಕ್ಟೋಬರಿನಲ್ಲಿ ವರದಿಯನ್ನು ಒಪ್ಪಿಸಿದರು. ನವೆಂಬರಿನಲ್ಲಿ ಮೈಸೂರಿನ ಚೀಫ್ ಇಂಜಿನಿಯರರಾಗಿ ಹೊರಟುಹೋದರು. ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಅಡ್ಡಲಾಗಿ ಎರಡು ಜಲಾಶಯಗಳನ್ನು ಕಟ್ಟಿ ಪ್ರವಾಹದ ನೀರನ್ನು ತಡೆದಿಡಬೇಕೆಂಬುದು ಅವರ ಮುಖ್ಯ ಸಲಹೆ. ಅದರಂತೆ ಗಂಡಿಪೇಟೆಯಲ್ಲಿ ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡವು. ಪ್ರವಾಹವನ್ನು ತಡೆಯಲೆಂದು ಹುಟ್ಟಿದ ಜಲಾಶಯಗಳು ಕುಡಿಯುವ ನೀರಿನ ಭಂಡಾರಗಳೂ ಆದವು. ಗಂಡಿಪೇಟೆಯ ನೀರು ಯಂತ್ರದ ಸಹಾಯವಿಲ್ಲದೆ ನೆಲದ ಇಳಿಜಾರಿನಿಂದಲೇ ಗಾರೆಯ ಕಾಲುವೆಯಲ್ಲಿ ಹರಿದು ಆಸಿಫ್‌ನಗರದ ಶೋಧನಾಲಯವನ್ನು ಸೇರುತ್ತಿದ್ದಿತು. ಹಿಮಾಯತ್ ಸಾಗರದ ನೀರನ್ನು ಮೀರ್ ಆಲಂ ಶೋಧನಾಲಯದಲ್ಲಿ ಸೋಸುತ್ತಿದ್ದರು. ಅಂದಿನ ಹೈದರಾಬಾದಿಗರ ಬಾಯಲ್ಲಿ ನೀರಿನ ಇಲಾಖೆಯು 'ಆಬ್‌ರಸಾನಿ', ಪುರಸಭೆಯು 'ಬಲ್ದಿಯಾ'. ಎರಡನೆಯ ಮಾತು ಇಂದಿಗೂ ಬಳಕೆಯಲ್ಲಿದೆ.

ಮೂರನೆಯ ಅಂಶವೇನಾಯಿತು? ಅದು ಕೂಡಲೇ ಕೈಗೂಡಲಿಲ್ಲ. 1922ರಲ್ಲಿ ವಿಶ್ವೇಶ್ವರಯ್ಯನವರನ್ನು ಪುನಃ ಕರೆಸಿಕೊಳ್ಳಲಾಯಿತು. ಒಳಚರಂಡಿಯ ಜಾಲವು ಸಿದ್ಧವಾಗುವ ಹೊತ್ತಿಗೆ 1931 ಬಂದಿದ್ದಿತು. ಆ ವರ್ಷದ ಜನಗಣತಿಯಂತೆ ನಗರದ ಜನಸಂಖ್ಯೆ ನಾಲ್ಕೂವರೆ ಲಕ್ಷಕ್ಕೆ ಸ್ವಲ್ಪ ಮಿಕ್ಕಿದ್ದಿತು. ಜಾಲವನ್ನು ಹಾಕಿದ್ದೂ ಸರಿಸುಮಾರು ಅಷ್ಟೇ ಜನಕ್ಕೆ. ಆದ್ದರಿಂದ ನಿಜಾಮ್ ಸರ್ಕಾರವು ಆ ಸಲಹೆಯನ್ನು ಅಲಕ್ಷಿಸಿತೆಂದು ಆರೋಪಿಸುವುದು ನ್ಯಾಯವಲ್ಲ. ಅಲಕ್ಷ್ಯವು ನಂತರದವರದು. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 67 ಲಕ್ಷವನ್ನು ದಾಟಿದ್ದಿತು. ಈ ನಡುವೆ ನೀರನ್ನು ತರುವ ಪ್ರಯತ್ನವು ಒಮ್ಮೆಯೂ ನಿಲ್ಲಲಿಲ್ಲ: 1965ರಲ್ಲಿ ಮಂಜೀರಾ, ಬಳಿಕ ಸಿಂಗೂರು, 2004ರಲ್ಲಿ ಕೃಷ್ಣಾ, 2015ರಲ್ಲಿ ಗೋದಾವರಿ. ಇವುಗಳಲ್ಲಿ ಮಂಜೀರೆಯು ಬೀದರ್ ಜಿಲ್ಲೆಯನ್ನೂ ಕೃಷ್ಣೆಯು ರಾಯಚೂರಿನ ಸೀಮೆಯನ್ನೂ ಹಾದು ಬರುವುದರಿಂದ, ಹೈದರಾಬಾದಿನ ಕನ್ನಡಿಗರು ತವರಿನ ನೀರನ್ನೇ ಕುಡಿಯುತ್ತಿದ್ದಾರೆಂದು ವಿನೋದಕ್ಕೆ ಹೇಳಬಹುದು. ಹೊಸ ನೀರು ಬಂದಂತೆಲ್ಲ ಹೊಲಸು ನೀರೂ ಅಷ್ಟೇ ಪ್ರಮಾಣದಲ್ಲಿ ಹೊರಡಬೇಕಷ್ಟೆ. ಅದಕ್ಕೆ ದಾರಿಯು ಅದೇ ವೇಗದಲ್ಲಿ ಬೆಳೆಯಲಿಲ್ಲ. ಒಂದು ಕಾಲದಲ್ಲಿ ಕುಡಿಯುವ ನೀರನ್ನು ಕೊಟ್ಟಿದ್ದ ಹುಸೇನ್ ಸಾಗರವು ಮೋರಿಗಳ ಸಂಗಮವಾದದ್ದು ಎಲ್ಲರ ಕಣ್ಣೆದುರಿಗೆ ನಡೆದ ಸಂಗತಿ.

ಕಣ್ಣಿಗೆ ಕಾಣದೆ ನಡೆದದ್ದು ನೆಲದ ಕೆಳಗೆ. ಇಕ್ಕಟ್ಟಾದ ಗಲ್ಲಿಗಳಲ್ಲಿ ನೀರಿನ ಕೊಳವೆಯೂ ಚರಂಡಿಯ ಕೊಳವೆಯೂ ಒಂದೇ ಕಂದಕದಲ್ಲಿ ಅಕ್ಕಪಕ್ಕದಲ್ಲಿರುವುದು ಸಾಮಾನ್ಯ. ಕೆಲವೆಡೆ ಮನೆಯ ನಳದ ಸಣ್ಣ ಕೊಳವೆಯು ಮೋರಿಯನ್ನೇ ಅಡ್ಡಹಾಯ್ದು ಹೋಗುತ್ತದೆ. ಕೊಳವೆಯಲ್ಲಿ ನೀರು ಸದಾ ಒತ್ತಡದಿಂದ ತುಂಬಿದ್ದರೆ ಬಿರುಕುಗಳ ಮೂಲಕ ನೀರು ಹೊರಕ್ಕೆ ಸೋರುವುದೇ ಹೊರತು ಹೊರಗಿನ ಹೊಲಸು ಒಳಕ್ಕೆ ಬಾರದು. ಆದರೆ ನಗರದ ಬಹುಭಾಗಕ್ಕೆ ನೀರು ದಿನ ಬಿಟ್ಟು ದಿನ, ಅದೂ ಕೆಲವೇ ಗಂಟೆಗಳ ಕಾಲ ಬರುವ ಪದ್ಧತಿ ಬೆಳೆದುಬಂದಿತು. ನೀರು ನಿಂತಾಗ ಕೊಳವೆಯು ಬರಿದಾಗಿ, ಸುತ್ತಲಿನ ತೇವವನ್ನು ಬಿರುಕುಗಳಿಂದ ಹೀರಿಕೊಳ್ಳುತ್ತದೆ. ಸಾಲದೆಂಬಂತೆ, ಒತ್ತಡವು ಕಡಮೆಯೆಂದು ಜನರು ನಳಕ್ಕೆ ನೇರವಾಗಿ ಮೋಟಾರನ್ನು ಜೋಡಿಸಿ ಎಳೆಯುತ್ತಾರೆ. ಕೆಲವರು ನೆಲವನ್ನು ತೋಡಿ, ಗುಂಡಿಯೊಳಗೆ ನಳವನ್ನು ಇಳಿಸಿ ಹಿಡಿಯುತ್ತಾರೆ. ಮಳೆಯ ದಿನ ಆ ಗುಂಡಿಯಲ್ಲಿ ನಿಲ್ಲುವ ನೀರು ಎಂತಹದೆಂಬುದನ್ನು ವಿವರಿಸಬೇಕಾಗಿಲ್ಲ. ಹೀಗಾಗಿ ಶೋಧನಾಲಯದಿಂದ ನಿರ್ದುಷ್ಟವಾಗಿ ಹೊರಟ ನೀರು ಗಲ್ಲಿಯ ಕೊನೆಯ ಮನೆಯಲ್ಲಿ ವಿಷವಾಗಬಹುದು. ಆಗಲೂ ಅದು ನೋಡುವುದಕ್ಕೆ ತಿಳಿಯಾಗಿಯೇ ಇರಬಹುದು.

2009ರ ಮೇ ತಿಂಗಳ ಮೊದಲ ವಾರದಲ್ಲಿ ಮುಷೀರಾಬಾದಿಗೆ ಹತ್ತಿರದ ಭೋಲಕ್‌ಪುರದಲ್ಲಿ ಸಂಭವಿಸಿದ್ದು ಇದೇ. ತೊಗಲಿನ ಗೋದಾಮುಗಳೂ ಹಳೆಯ ಸಾಮಾನುಗಳ ವ್ಯಾಪಾರವೂ ದಟ್ಟವಾಗಿರುವ ಆ ಬಡಾವಣೆಯಲ್ಲಿ ನಳದ ನೀರಿನೊಳಗೆ ಚರಂಡಿಯ ನೀರು ಸೇರಿ, ವಾಂತಿಭೇದಿಯಿಂದ ನೂರಾರು ಜನ ಆಸ್ಪತ್ರೆ ಸೇರಿದರು; ಹತ್ತಕ್ಕೂ ಮಿಕ್ಕು ಜನ ತೀರಿಕೊಂಡರು. ನೊಬೆಲ್ ಪಾರಿತೋಷಕ ಪಡೆದ ಶೋಧನೆಯು ನಡೆದ ಬೇಗಂಪೇಟೆಗೂ ಈ ಸ್ಥಳಕ್ಕೂ ಕೆಲವೇ ಮೈಲಿಗಳ ಅಂತರ. ವಿಶ್ವೇಶ್ವರಯ್ಯನವರ ವರದಿಗೆ ಆಗ ಸರಿಯಾಗಿ 100 ವರ್ಷಗಳು ತುಂಬುತ್ತಿದ್ದವು. ಆ ವರ್ಷ ಶತಮಾನೋತ್ಸವದ ಮಾತುಗಳನ್ನು ಆಡಿದವರು ಭೋಲಕ್‌ಪುರವನ್ನೂ ನೆನೆಯಬಹುದಾಗಿತ್ತು.

ಜಲಾಶಯಗಳ ಕಡೆಗಾದರೋ ಕಾನೂನಿನ ರಕ್ಷಣೆ ದೊರಕಿತು. 1996ರ ಮಾರ್ಚ್ 8ರ 111ನೆಯ ಸಂಖ್ಯೆಯ ಸರ್ಕಾರಿ ಆಜ್ಞೆಯು ಎರಡು ಸಾಗರಗಳ ಸುತ್ತ 10 ಕಿಲೋಮೀಟರುಗಳ ಒಳಗೆ, 84 ಗ್ರಾಮಗಳ ವ್ಯಾಪ್ತಿಯಲ್ಲಿ, ಮಾಲಿನ್ಯಕಾರಕ ಕಾರಖಾನೆಗಳನ್ನು ನಿಷೇಧಿಸಿತು. ಒಂದು ಎಣ್ಣೆ ಕಾರಖಾನೆಗೆ ಕೊಟ್ಟ ವಿನಾಯಿತಿಯ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2000ದ ಡಿಸೆಂಬರಿನಲ್ಲಿ ಆ ವಿನಾಯಿತಿಯು ಸಲ್ಲದೆಂದು ತೀರ್ಪಾಯಿತು; ಶುದ್ಧವಾದ ಕುಡಿಯುವ ನೀರು ಬದುಕುವ ಹಕ್ಕಿನ ಅಂಗವೆಂಬುದನ್ನು ಆ ತೀರ್ಪು ಎತ್ತಿಹಿಡಿಯಿತು. 2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರವು ಈ ನಿರ್ಬಂಧಗಳನ್ನು ತೆಗೆಯುವ ಆಜ್ಞೆಯನ್ನು ಹೊರಡಿಸಿತು. ನಗರದ ನೀರಿನಲ್ಲಿ ಈ ಎರಡು ಜಲಾಶಯಗಳ ಪಾಲು ಈಗ ಅತ್ಯಲ್ಪವೆಂಬುದು ಅದಕ್ಕೆ ಕೊಟ್ಟ ಕಾರಣ. ಸರ್ಕಾರದ ಲೆಕ್ಕವು ಸರಿಯಿರಬಹುದು; ಆದರೆ ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ಇಳಿಜಾರಿನಿಂದಲೇ ಬರಬಲ್ಲ ನೀರನ್ನು ಕೈಬಿಟ್ಟು ನೂರು ಕಿಲೋಮೀಟರಿಗೂ ಮಿಕ್ಕ ದೂರದಿಂದ ಮೇಲಕ್ಕೆತ್ತಿ ತರುವುದು ಯಾವ ಬಗೆಯ ಮಿತವ್ಯಯವೆಂಬುದು ನನಗೆ ತಿಳಿಯದು.

ಜೀವಾಣುಗಳಂತೆಯೇ ಕರಗಿದ ಲವಣಗಳೂ ಪರೀಕ್ಷಕನ ಗಮನಕ್ಕೆ ಬರತಕ್ಕವು. ಹೈದರಾಬಾದಿಗೆ ನೆರೆಯಾದ ನಲ್ಗೊಂಡ ಜಿಲ್ಲೆಯ ಬಾವಿಗಳಲ್ಲಿ ಫ್ಲೋರೈಡು ವಿಪರೀತವಾಗಿದ್ದು, ಅದರಿಂದ ಮೂಳೆಗಳು ಸೆಟೆದು ಬಾಗಿದವರ ವಿಷಯವು 1950ರ ದಶಕದಲ್ಲಿಯೇ ವೈದ್ಯಕೀಯ ಪತ್ರಿಕೆಗಳಿಗೆ ಬಂದಿದ್ದಿತು. ಪಟಿಕ ಮತ್ತು ಸುಣ್ಣಗಳನ್ನು ಬೆರೆಸಿ ಫ್ಲೋರೈಡನ್ನು ಇಳಿಸುವ ವಿಧಾನಕ್ಕೆ ಆ ಜಿಲ್ಲೆಯ ಹೆಸರೇ ನಿಂತು, ಜಗತ್ತಿನ ಎಲ್ಲೆಡೆ ಅದು 'ನಲ್ಗೊಂಡ ವಿಧಾನ'ವೆಂದು ಪರಿಚಿತವಾಗಿದೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಒಪ್ಪತಕ್ಕ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ನಳದ ನೀರಿಲ್ಲದ ಹೊಸ ಬಡಾವಣೆಗಳವರು ಕೊಳವೆಬಾವಿಯ ನೀರನ್ನು ತಿಳಿಯೆಂದು ನಂಬಿ ಕುಡಿಯುವಾಗ ಈ ಅಂಕಿಗಳು ನೆನಪಿಗೆ ಬರಬೇಕು.

ಪರೀಕ್ಷೆಯನ್ನು ಮಾಡತಕ್ಕವರು ಯಾರು? 1989ರಲ್ಲಿ ಪ್ರತ್ಯೇಕ ಕಾಯಿದೆಯ ಮೂಲಕ ಸ್ಥಾಪಿತವಾದ ಜಲಮಂಡಳಿಗೆ ನೀರು ಮತ್ತು ಒಳಚರಂಡಿ ಎರಡರ ಹೊಣೆಯನ್ನೂ ವಹಿಸಲಾಯಿತು. ಒಂದೇ ಸೂರಿನಡಿ ಎರಡನ್ನೂ ತಂದುದು 1909ರ ದೃಷ್ಟಿಗೆ ಅನುಗುಣವಾದದ್ದು. ಮಂಡಳಿಯು ತನ್ನದೇ ಸಿಬ್ಬಂದಿಯಿಂದ ನೀರನ್ನು ಪರೀಕ್ಷಿಸಿಕೊಳ್ಳುತ್ತದೆ. ಅದಲ್ಲದೆ ನಾರಾಯಣಗುಡದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಎಂಬ ಸರ್ಕಾರಿ ಸಂಸ್ಥೆಯೂ ಮಾದರಿಗಳನ್ನು ಪರೀಕ್ಷಿಸುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನಂತಹವನಿಗೆ ಈ ಎರಡನೆಯ ಕೈಯ ಬೆಲೆ ಬೇಗ ತಿಳಿಯುತ್ತದೆ. ಶಾಖೆಯ ನಗದನ್ನು ಶಾಖೆಯವರು ಪ್ರತಿದಿನವೂ ಎಣಿಸಿ ಸಹಿ ಹಾಕುತ್ತಾರೆ, ಅವರು ಪ್ರಾಮಾಣಿಕರೇ. ಆದರೂ ಹೇಳದೆ ಕೇಳದೆ ಬಂದು ಪುನಃ ಎಣಿಸುವ ಇನ್‌ಸ್ಪೆಕ್ಟರನಿಲ್ಲದಿದ್ದರೆ ಆ ಸಹಿಗೆ ಬೆಲೆಯಿಲ್ಲ. ನೀರನ್ನು ಹಂಚುವವನೂ ಪ್ರಮಾಣಪತ್ರ ಕೊಡುವವನೂ ಒಬ್ಬನೇ ಆದರೆ ಏನಾಗುತ್ತದೆಂಬುದನ್ನು ಲೆಕ್ಕಪತ್ರ ಬಲ್ಲವರಾರೂ ಊಹಿಸಬಲ್ಲರು.

ಕೆಲವು ವರ್ಷಗಳ ಹಿಂದೆ ಕಾಚಿಗುಡದ ನಮ್ಮ ಗಲ್ಲಿಯಲ್ಲಿ ಈ ಕೆಲಸವನ್ನು ಪ್ರತ್ಯಕ್ಷವಾಗಿ ನೋಡುವ ಅವಕಾಶವು ಈ ಲೇಖಕನಿಗೆ ದೊರೆಯಿತು. ಪರೀಕ್ಷಕರು ಗಲ್ಲಿಯ ಮೊದಲ ಮನೆಗಳನ್ನು ಬಿಟ್ಟು ನೇರವಾಗಿ ಕೊನೆಯ ಮನೆಗೆ ಬಂದರು. ಕಾರಣವನ್ನು ಕೇಳಿದಾಗ, ಶೋಧನಾಲಯದಲ್ಲಿ ಬೆರೆಸಿದ ಕ್ಲೋರಿನ್ ದಾರಿಯುದ್ದಕ್ಕೂ ಸವೆಯುತ್ತ ಬರುವುದರಿಂದ ಕೊನೆಯ ನಳದಲ್ಲಿ ಅದು ಉಳಿದಿದ್ದರೆ ನಡುವಿನ ನಳಗಳ ಚಿಂತೆ ಬಹುಮಟ್ಟಿಗೆ ಕಳೆದಂತೆಯೇ ಎಂದು ವಿವರಿಸಿದರು. ಗಾಜಿನ ನಳಿಕೆಯಲ್ಲಿ ನೀರನ್ನು ಹಿಡಿದು ಒಂದು ಗುಳಿಗೆಯನ್ನು ಹಾಕಿದರು, ನೀರು ನಸುಗುಲಾಬಿಯಾಯಿತು. ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ಅಂಕಿಯನ್ನು ಬರೆದುಕೊಂಡರು. ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಬಣ್ಣವೇ ಬಾರದಿದ್ದರೆ ದಾರಿಯಲ್ಲೆಲ್ಲೋ ಹೊಲಸು ಸೇರಿ ಕ್ಲೋರಿನ್ನನ್ನು ತಿಂದುಹಾಕಿದೆಯೆಂದು ಶಂಕಿಸಬೇಕು. ಅನಂತರ ನಳದ ಬಾಯನ್ನು ಸ್ಪಿರಿಟ್ಟಿನ ಉರಿಯಿಂದ ಕಾಯಿಸಿ, ಎರಡು ಮೂರು ನಿಮಿಷ ನೀರನ್ನು ಹರಿಯಬಿಟ್ಟು, ಮೊದಲೇ ಕುದಿಸಿ ಮುಚ್ಚಿದ್ದ ಸೀಸೆಯಲ್ಲಿ ಮಾದರಿಯನ್ನು ಹಿಡಿದರು. ಉಳಿದ ಕ್ಲೋರಿನ್ ದಾರಿಯಲ್ಲಿ ಜೀವಾಣುಗಳನ್ನು ಕೊಂದು ಪರೀಕ್ಷೆಯನ್ನು ಸುಳ್ಳುಮಾಡದಂತೆ ಆ ಸೀಸೆಯಲ್ಲಿ ಸೋಡಿಯಂ ಥಯೋಸಲ್ಫೇಟನ್ನು ಇರಿಸಿರುತ್ತಾರಂತೆ. ಸೀಸೆಯು ಮಂಜುಗಡ್ಡೆಯ ಪೆಟ್ಟಿಗೆಯನ್ನು ಸೇರಿತು. ಇನ್ನೊಂದು ಸಣ್ಣ ಸೀಸೆಯಲ್ಲಿ ಔಷಧ ಸವರಿದ ಕಾಗದದ ಚೂರಿದ್ದಿತು. ಮಲದ ಸೋಂಕಿದ್ದರೆ ಅದರಲ್ಲಿ ತುಂಬಿದ ನೀರು ಕಪ್ಪಾಗುತ್ತದೆ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಅಗ್ಗದ ಉಪಾಯವಿದು. ಕಪ್ಪಾಗುವುದಕ್ಕೂ ಒಂದು ದಿನ ಬೇಕು. ಪ್ರಯೋಗಶಾಲೆಯ ಪೂರ್ಣ ಪರೀಕ್ಷೆಗೆ ಎರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಮನೆಯಾಕೆ ವೃದ್ಧೆ, ರಾಯಚೂರಿನ ಕಡೆಯವರು. ಅಷ್ಟರಲ್ಲಿ ಅವರು ಎರಡು ಬಿಂದಿಗೆಗಳನ್ನು ತುಂಬಿಕೊಂಡು ಒಳಗಿರಿಸಿ ಬಂದಿದ್ದರು. ಈ ನೀರನ್ನು ಕುಡಿಯಬಹುದೇ ಎಂದು ತಮ್ಮ ಹೈದರಾಬಾದಿ ಹಿಂದಿಯಲ್ಲಿ ಕೇಳಿದರು. ಕ್ಲೋರಿನ್ ಸರಿಯಾಗಿದೆ, ಉಳಿದುದನ್ನು ಪರಸೋ ಹೇಳುತ್ತೇನೆ ಎಂದು ಪರೀಕ್ಷಕರು ಉತ್ತರಿಸಿದರು. ಆ ತಾಯಿ ನನ್ನ ಕಡೆಗೆ ತಿರುಗಿ, "ಪರಸೋತನ ಏನ್ ಕುಡೀಬೇಕಂತ್ರೀ?" ಎಂದರು.